ಬಸ್ಸಿನಿಂದ ಇಳಿಯುವ ಮುಖ

ಮೂರು ಫೋಟೊ ಬೇಕಂತೆ. ಒಂದು ಮುಖದ್ದು, ಒಂದು ಸೊಂಟದವರೆಗಿನದು, ಒಂದು ಪೂರ್ತಿ ನಿಂತದ್ದು. ಮೂರರಲ್ಲೂ ಮೇಕಪ್ ಇರಬಾರದಂತೆ.

"ಮೇಕಪ್ ಇಲ್ದಿದ್ರೆ ಅದು ಆರ್ಟಿಸ್ಟ್ ಫೋಟೊ ಹೆಂಗಾಗ್ತೈತೆ? ಆಧಾರ್ ಕಾರ್ಡಿನ ಫೋಟೊ ಆಗ್ತೈತೆ ಕಣವ್ವ" ಎಂದರು ದೊಡ್ಡಮ್ಮ. ಬೆಂಗಳೂರಿನಿಂದ ಫೋನು ಮಾಡಿದವನು ಧಾರಾವಾಹಿಗಳಿಗೆ ಸಣ್ಣಪುಟ್ಟ ಪಾತ್ರದವರನ್ನು ಒದಗಿಸುವ ಏಜೆಂಟು. ವಾಟ್ಸಾಪಿಗೂ ಹಾಕಿ, ಪ್ರಿಂಟನ್ನೂ ಕಳಿಸಿ ಎಂದಿದ್ದ. ವಾಟ್ಸಾಪಿಗೆ ಬಂದದ್ದು ಸಂಜೆಯೊಳಗೆ ಎಲ್ಲೋ ಕೆಳಗೆ ಹೋಗಿಬಿಡುತ್ತದೆ, ಪ್ರಿಂಟಾದರೆ ಆಫೀಸಿನ ಫೈಲಿನಲ್ಲಿ ಉಳಿಯುತ್ತದೆ ಎಂಬುದು ಅವನ ವಿವರಣೆ. ಇದಕ್ಕೂ ಮೊದಲು ಇನ್ನೊಬ್ಬ ಏಜೆಂಟು 'ಪೋರ್ಟ್‌ಫೋಲಿಯೊ ನಾವೇ ಮಾಡಿಸ್ತೀವಿ, ಇಪ್ಪತ್ತು ಸಾವಿರ ಆಗುತ್ತೆ' ಎಂದಿದ್ದ. ಅವನ ನಂಬರನ್ನು ನಾನೇ ಬ್ಲಾಕ್ ಮಾಡಿಕೊಟ್ಟಿದ್ದೆ. ಇವನು ದುಡ್ಡು ಕೇಳಲಿಲ್ಲ, ಬರೀ ಫೋಟೊ ಕೇಳಿದ. ಅಷ್ಟರಮಟ್ಟಿಗೆ ನಂಬಬಹುದು ಅನ್ನಿಸಿತು.

ನಮ್ಮ ಮನೆ ಇರುವುದು ದಾವಣಗೆರೆಯ ವಿನೋಬನಗರದಲ್ಲಿ. ಅವರದು ಹಿಂದಿನ ಕ್ರಾಸಿನಲ್ಲಿ, ಎರಡು ಕೋಣೆಯ ಬಾಡಿಗೆ ಮನೆ. ರಕ್ತಸಂಬಂಧವೇನಿಲ್ಲ. ಅಮ್ಮನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು, ಹಾಗಾಗಿ ದೊಡ್ಡಮ್ಮ. ಸಂಜೆ ಹೊತ್ತು ಬ್ಯಾಗು ಹಿಡಿದು ಹೊರಟು ಮರುದಿನ ಬೆಳಗಿನ ಬಸ್ಸಿಗೆ ಬರುತ್ತಿದ್ದ ಅವರನ್ನು ಬೀದಿಯವರು ಯಾವುದೋ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡುತ್ತಾರೆ ಅಂದುಕೊಂಡಿದ್ದರು. ಈ ಊರಿನಲ್ಲಿ ಆಸ್ಪತ್ರೆಗಳಿಗೇನು ಕಡಿಮೆಯಿಲ್ಲ. ದೊಡ್ಡಮ್ಮನೂ ಅವರನ್ನು ತಿದ್ದಲು ಹೋಗಿರಲಿಲ್ಲ.

ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಪಿಎಚ್.ಡಿ. ಇರುವುದು ನಾಟಕದ ಕರಪತ್ರಗಳ ಮೇಲೆ. ಮೂರು ವರ್ಷ ಹಳ್ಳಿಹಳ್ಳಿ ತಿರುಗಿ, ಪ್ರೆಸ್ಸುಗಳ ಅಟ್ಟ ಹತ್ತಿ, ಒಂದು ಟ್ರಂಕು ತುಂಬುವಷ್ಟು ಹ್ಯಾಂಡ್‌ಬಿಲ್ಲು ಕೂಡಿಸಿದ್ದೆ. ಒಂದು ರಾತ್ರಿ ಅವನ್ನು ವರ್ಷದ ಪ್ರಕಾರ ಜೋಡಿಸುತ್ತಿರುವಾಗ ಗುಲಾಬಿ ಕಾಗದದ ಒಂದು ಹಾಳೆಯ ಮೇಲಿನ ಸಾಲಿನಲ್ಲಿ, ಹೆಬ್ಬೆರಳಿನಷ್ಟು ಅಗಲದ ಮಸಿಹಿಡಿದ ಚೌಕದೊಳಗೆ, ದೊಡ್ಡಮ್ಮನ ಹುಬ್ಬು ಕಂಡಿತು. ಹೆಸರು ಬೇರೆ ಇತ್ತು. ಹುಬ್ಬು ಮಾತ್ರ ಅದೇ.

ಈ ಕರಪತ್ರಗಳನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ಜಾತ್ರೆಗೋ ಹಬ್ಬಕ್ಕೋ ಹಳ್ಳಿಯ ಹುಡುಗರು ನಾಟಕ ಆಡುತ್ತಾರೆ. ಪೇಟಿ ಮಾಸ್ತರು ತಿಂಗಳುಗಟ್ಟಲೆ ಬಂದು ಕಲಿಸುತ್ತಾರೆ. ಗಂಡು ಪಾತ್ರಗಳೆಲ್ಲ ಊರಿನವರವು. ಹೆಣ್ಣು ಪಾತ್ರಕ್ಕೆ ಮಾತ್ರ ಪೇಟೆಯಿಂದ ಕಲಾವಿದೆಯರು ಬರಬೇಕು. ಕರಪತ್ರದಲ್ಲಿ ನಾಟಕಕ್ಕೆ ಎರಡು ಹೆಸರು, ನಡುವೆ 'ಅರ್ಥಾತ್' ಎಂಬ ಸೇತುವೆ. ಕೆಳಗೆ ಸಾಲು ಸಾಲು ಪಾಸ್‌ಪೋರ್ಟ್ ಅಳತೆಯ ಮುಖಗಳು. ಊರಿನ ಹುಡುಗರು ದುಡ್ಡು ಹಾಕಿ ಅಚ್ಚು ಹಾಕಿಸುವುದರಲ್ಲಿ ಅರ್ಧ ಕಾರಣವೇ ಆ ಫೋಟೊ. ಕಲಾವಿದೆಯರ ಫೋಟೊ ಬರುವುದು ಬೇರೆ ದಾರಿಯಿಂದ. ಪರದೆ, ಡ್ರೆಸ್ಸು, ಲೈಟು ಬಾಡಿಗೆಗೆ ಕೊಡುವ ಸೀನ್ಸ್ ಅಂಗಡಿಯವರ ಹತ್ತಿರ ಒಂದು ಆಲ್ಬಂ ಇರುತ್ತದೆ. ಹಳ್ಳಿಯ ಕಮಿಟಿಯವರು ಬಂದು, ಚಹಾ ಕುಡಿದು, ಪುಟ ತಿರುವಿ, 'ನಾಯಕಿಗೆ ಈಕೆ, ತಾಯಿ ಪಾತ್ರಕ್ಕೆ ಈಕೆ' ಎಂದು ಬೆರಳಿಡುತ್ತಾರೆ. ಏಜೆಂಟು ಎನ್ನುವ ಪದ ಅಲ್ಲಿ ಯಾರೂ ಬಳಸುವುದಿಲ್ಲ. 'ಸೀನ್ಸ್‌ನೋರು' ಎಂದರೆ ಸಾಕು.

ಇದು ಚಿಂದೋಡಿ ಲೀಲಾ ಅವರ ಊರು. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರು ಕೇಳದ ನಾಟಕಪ್ರೇಮಿ ಈ ಭಾಗದಲ್ಲಿಲ್ಲ. ಮಗಳು ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು, 2010ರಲ್ಲಿ ತೀರಿಕೊಂಡರು. ವಿಚಾರಸಂಕಿರಣಗಳಲ್ಲಿ ದಾವಣಗೆರೆಯ ರಂಗಭೂಮಿ ಎಂದರೆ ಮಾತು ಅಲ್ಲಿಗೆ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ತಪ್ಪೇನಲ್ಲ. ಆದರೆ ಅದೇ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಸಂಜೆಯ ಬಸ್ಸಿಗೆ ಕಾಯುವ, ಮೂರು ಹೆಸರಿರುವ ಹೆಂಗಸರ ಬಗ್ಗೆ ಬರೆಯುವಾಗ ನನಗೆ ಅಡಿಟಿಪ್ಪಣಿಗೆ ಹಾಕಲು ಏನೂ ಸಿಗುತ್ತಿರಲಿಲ್ಲ.

ಹಾಗಾಗಿ ಕರಪತ್ರ ಹಿಡಿದು ಅವರ ಮನೆಗೆ ಹೋದೆ. ಬಾಗಿಲು ಹಾಕಿಕೊಂಡೇ ಮಾತಾಡಿದರು. ಹಳೆಯ ಫೋಟೊ ಇದ್ದರೆ ಕೊಡಿ, ಸ್ಕ್ಯಾನ್ ಮಾಡಿ ವಾಪಸು ಕೊಡುತ್ತೇನೆ ಎಂದು ಕೇಳಿದೆ. ಒಂದೂ ಇರಲಿಲ್ಲ. ಮಗಳ ನಿಶ್ಚಿತಾರ್ಥದ ಹಿಂದಿನ ದಿನ ಎಲ್ಲವನ್ನೂ ಬಚ್ಚಲ ಒಲೆಗೆ ಹಾಕಿದ್ದರಂತೆ. "ಬೀಗರು ಬರೋರು. ಕಪಾಟು ತೆಗೆದ್ರೆ?" ಎಂದಷ್ಟೇ ಹೇಳಿದರು. ಕಂಪನಿಯ ಕಾಲದ್ದು, ಬಾದಾಮಿಯ ಬನಶಂಕರಿ ಜಾತ್ರೆಯ ಕ್ಯಾಂಪಿನದು, ಎಲ್ಲವೂ ಅದರಲ್ಲಿದ್ದವು. ಅವತ್ತು ಆ ನೀರಲ್ಲೇ ಮೈ ತೊಳೆದುಕೊಂಡರಂತೆ. ಇದನ್ನು ಅವರು ನಗುತ್ತಲೇ ಹೇಳಿದರು. ನನಗೆ ಹೇಗೆ ನಗಬೇಕೋ ತಿಳಿಯಲಿಲ್ಲ.

ಉಳಿದದ್ದು ಒಂದೇ. ಹರಿಹರದ ಒಂದು ಸೀನ್ಸ್ ಅಂಗಡಿಯ ಆಲ್ಬಂನಲ್ಲಿರುವುದು, ಅವರ ಇಪ್ಪತ್ನಾಲ್ಕನೇ ವಯಸ್ಸಿನದು. ನನ್ನ ಗುಲಾಬಿ ಕಾಗದದ ಚೌಕಕ್ಕೂ ಅದೇ ಮೂಲ. ಇವತ್ತಿಗೂ ಅದನ್ನೇ ತೋರಿಸುತ್ತಾರೆ.

ಅದರಿಂದ ಏನಾಯಿತು ಎಂಬುದೇ ಈ ಹೊಸ ಫೋಟೊಗಳ ಕಥೆಯ ಮೊದಲು. ಹೋದ ವರ್ಷ ಜಗಳೂರು ಕಡೆಯ ಒಂದು ಹಳ್ಳಿಯವರು ಆ ಫೋಟೊ ನೋಡಿ ನಾಯಕಿಯ ಪಾತ್ರಕ್ಕೆ ಕರೆಸಿದ್ದರು. ಸಂಜೆ ನಾಲ್ಕಕ್ಕೆ ಬಸ್ಸಿಳಿದರೆ ಕಮಿಟಿಯ ಹುಡುಗರು ಕಾಯುತ್ತಿದ್ದರು. ಒಬ್ಬ ಕೈಯಲ್ಲಿದ್ದ ಹ್ಯಾಂಡ್‌ಬಿಲ್ಲು ನೋಡಿದ, ಇವರನ್ನು ನೋಡಿದ, ಬಸ್ಸಿನ ಬಾಗಿಲ ಕಡೆ ನೋಡಿದ. "ಮಗಳು ಬರ್ಲಿಲ್ವೇನಮ್ಮಾ?" ಎಂದ. ಅವನು ಕುಹಕ ಮಾಡಿದ್ದಲ್ಲ, ನಿಜಕ್ಕೂ ಕೇಳಿದ್ದು. ಅದೇ ಹೆಚ್ಚು ಚುಚ್ಚಿತು ಎನ್ನುತ್ತಾರೆ ದೊಡ್ಡಮ್ಮ. ಬಣ್ಣ ಹಚ್ಚಿಕೊಂಡು ಬೆಳಗಿನ ಜಾವದ ತನಕ ಆಡಿದರು, ಶಿಳ್ಳೆಯೂ ಬಿತ್ತು. ಲೆಕ್ಕ ಕೊಡುವಾಗ ಐದು ಸಾವಿರಕ್ಕೆ ಒಂದೂವರೆ ಸಾವಿರ ಹಿಡಿದುಕೊಂಡರು. 'ಫೋಟೊದಾಗೆ ತೋರಿಸಿದ್ದೇ ಬೇರೆ' ಎಂಬುದು ಅವರ ವಾದ.

"ಅವರದ್ದೇನು ತಪ್ಪು? ತಾವು ಒಪ್ಪಿದ್ದು ಬ್ಯಾರೆ ಸಾಮಾನು ಅಂದ್ರು. ಫೋಟೊದಾಗೆ ಇರೋಳೂ ಬಸ್ಸಿಂದ ಇಳಿಯೋಳೂ ಒಬ್ಬಳೇ ಇರ್ಬೇಕು" ಎಂದರು ನನಗೆ. ನಟರ ಫೋಟೊಗಳ ಬಗ್ಗೆ ಇಂಗ್ಲಿಷಿನಲ್ಲಿ ಸಿಗುವ ಸಲಹೆಗಳನ್ನೆಲ್ಲ ಆಮೇಲೆ ಓದಿದೆ. ಎಲ್ಲರೂ ಸುತ್ತಿ ಬಳಸಿ ಇದನ್ನೇ ಹೇಳುತ್ತಾರೆ, ಬಸ್ಸಿನ ಬದಲು ಆಡಿಷನ್ ಕೋಣೆ ಇರುತ್ತದೆ ಅಷ್ಟೆ.

ಮೊದಲು ಸ್ಟುಡಿಯೊಗೆ ಹೋದೆವು. ಅದೊಂದು ತಪ್ಪು. ಮೇಕಪ್ ಬೇಡವೆಂದು ಎಷ್ಟು ಹೇಳಿದರೂ ದೊಡ್ಡಮ್ಮ ಬಾಗಿಲ ಹೊರಗೆ ಒಂದು ಕೈ ಪೌಡರು ಹಾಕಿಕೊಂಡೇ ಬಂದರು. ಒಳಗಿನ ಹುಡುಗ ನೀಲಿ ಪರದೆ ಇಳಿಸಿ, ಕೆನ್ನೆಗೆ ಕೈ ಇಟ್ಟುಕೊಳ್ಳಿ ಎಂದ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ನಮ್ಮ ಕಣ್ಣೆದುರೇ ಮೂರು ನಿಮಿಷದಲ್ಲಿ ಮುಖವನ್ನು ಇಸ್ತ್ರಿ ಮಾಡಿದ. ಕಣ್ಣಿನ ಕೆಳಗಿನ ಗೆರೆ ಹೋಯಿತು, ಕೆನ್ನೆಯ ಮೇಲಿನ ಸಿಡುಬಿನ ಎರಡು ಚುಕ್ಕೆ ಹೋದವು, ಬಣ್ಣ ಎರಡು ಮೆಟ್ಟಿಲು ಏರಿತು. ಹತ್ತು ವರ್ಷ ಕಮ್ಮಿ ಮಾಡಿದೀನಿ ಆಂಟಿ ಎಂದು ಹೆಮ್ಮೆಯಿಂದ ಹೇಳಿದ. ಅವನಿಗೆ ಬಯ್ಯಲಾಗುವುದಿಲ್ಲ. ಬರುವವರೆಲ್ಲ ಕೇಳುವುದು ಅದನ್ನೇ.

ಈ ಕಲೆ ಕಂಪ್ಯೂಟರಿನೊಂದಿಗೆ ಹುಟ್ಟಿದ್ದೂ ಅಲ್ಲ. 1930ರ ದಶಕದಲ್ಲಿ ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೊಗೆ ತಾರೆಯರ ಚಿತ್ರ ತೆಗೆದ ಜಾರ್ಜ್ ಹರೆಲ್ 8×10 ಅಂಗುಲದ ದೊಡ್ಡ ನೆಗೆಟಿವ್ ಬಳಸುತ್ತಿದ್ದರು. ಅಷ್ಟು ದೊಡ್ಡ ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಮುಖದ ಕಲೆಗಳನ್ನು ಮುಚ್ಚುವುದು ಸುಲಭ. ಅಮೆರಿಕದ ನಟರು ಏಜೆಂಟರಿಗೆ ಕೊಡುವ ಫೋಟೊ ಈಗಲೂ ಅದೇ 8×10 ಅಳತೆಯದು. ನಮ್ಮ ಊರುಗಳ ಹಳೆಯ ಸ್ಟುಡಿಯೊಗಳಲ್ಲೂ ಕಿಟಕಿ ಹತ್ತಿರ ನೆಗೆಟಿವ್ ಹಿಡಿದು ಪೆನ್ಸಿಲ್ ಆಡಿಸುವವರು ಇದ್ದರು. ಹರಿಹರದ ಆ ಹಳೆಯ ಫೋಟೊಗೂ ಪೆನ್ಸಿಲ್ ತಾಗಿತ್ತಂತೆ. ಸಿಡುಬಿನ ಚುಕ್ಕೆ ಅದರಲ್ಲೂ ಇಲ್ಲ.

ದೊಡ್ಡಮ್ಮ ಸ್ಕ್ರೀನನ್ನು ಬಹಳ ಹೊತ್ತು ನೋಡಿದರು. "ಚೆನ್ನಾಗೈತಪ್ಪ. ಆದ್ರೆ ಇವಳು ಆ ಹುಡುಗ ಹುಡುಕ್ತಿದ್ದ ಮಗಳು" ಎಂದು ಎದ್ದರು. ದುಡ್ಡು ಕೊಟ್ಟು ಬಂದೆವು.

ಕೊನೆಗೆ ಫೋಟೊ ತೆಗೆದದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ಚಿತ್ರಕಲೆ ಓದುತ್ತಿರುವ ನನ್ನ ಗೆಳತಿ. ಬೆಳಗ್ಗೆ ಎಂಟೂವರೆ, ಬಿಸಿಲು ನೇರ ಬೀಳದೆ ಎದುರು ಮನೆಯ ಸುಣ್ಣದ ಗೋಡೆಗೆ ಬಡಿದು ಒಳಗೆ ಬರುವ ಹೊತ್ತು. ಮೊಬೈಲ್ ಬೇಡ ಎಂದಳು. ಮೊಬೈಲನ್ನು ಹತ್ತಿರ ಹಿಡಿದರೆ ಮೂಗು ಮುಂದೆ ಬಂದು ಕಿವಿ ಹಿಂದೆ ಓಡುತ್ತವೆ. ಕ್ಯಾಮೆರಾ ಹಿಡಿದು ಆರೇಳು ಅಡಿ ಹಿಂದೆ ನಿಂತು, ಕಣ್ಣಿನ ಮೇಲೆ ಫೋಕಸ್ ಇಟ್ಟಳು.

ಕಷ್ಟ ಇದ್ದದ್ದು ಬೆಳಕಿನಲ್ಲಲ್ಲ. ಕ್ಯಾಮೆರಾ ಎತ್ತಿದ ಕೂಡಲೇ ದೊಡ್ಡಮ್ಮನ ಕಣ್ಣು ದೊಡ್ಡದಾಗುತ್ತಿತ್ತು, ಗಲ್ಲ ಮೇಲೇಳುತ್ತಿತ್ತು, ತುಟಿಯ ಒಂದು ತುದಿಯಲ್ಲಿ ನಗು ಬಂದು ನಿಲ್ಲುತ್ತಿತ್ತು. ಟೆಂಟಿನ ಕೊನೆಯ ಸಾಲಿಗೆ ಕಾಣಬೇಕಾದ ಮುಖ ಅದು. ಜಿಂಕ್ ಪೌಡರಿಗೆ ಕೊಬ್ಬರಿ ಎಣ್ಣೆ ಕಲಸಿ ಬಳಿದ ಬಿಳಿಯ ಮೇಲೆ ಕಾಡಿಗೆಯಲ್ಲಿ ಬರೆದ ಕಣ್ಣು ಅಷ್ಟು ದೂರ ಹೋಗಬೇಕಾದರೆ ಹಾಗೇ ಹಿಗ್ಗಬೇಕು. ಮೂವತ್ತು ವರ್ಷ ಅವರು ಫೋಟೊಗೆ ಕೊಟ್ಟದ್ದು ಪಾತ್ರದ ಮುಖವನ್ನೇ. ಈಗ ಪಾತ್ರ ಯಾವುದೆಂದು ಹೇಳದೆ 'ಸುಮ್ಮನೆ ಇರಿ' ಎಂದರೆ ಏನು ಮಾಡುವುದು? "ಸುಮ್ನೆ ಅಂದ್ರೆ ಯಾವ ಥರ ಸುಮ್ನೆ? ದುಃಖದ್ದೋ, ಸಿಟ್ಟಿಂದೋ?" ಎಂದು ಕೇಳಿದರು. ಗೆಳತಿ ನನ್ನ ಕಡೆ ನೋಡಿದಳು.

ಬೊಟ್ಟಿನದು ಇನ್ನೊಂದು ಗಲಾಟೆ. ಯಾವ ಪಾತ್ರಕ್ಕಾದರೂ ಹೊಂದಬೇಕು, ಬೊಟ್ಟಿಲ್ಲದ್ದೂ ಒಂದಿರಲಿ ಎಂದಿದ್ದನಂತೆ ಏಜೆಂಟು. ದೊಡ್ಡಮ್ಮ ಖಡಾಖಂಡಿತ ಬೇಡವೆಂದರು. ಗಂಡ ಬಿಟ್ಟುಹೋಗಿ ಇಪ್ಪತ್ತೆರಡು ವರ್ಷ. "ಎಲ್ಲೈದಾನೋ ಗೊತ್ತಿಲ್ಲ, ಆದ್ರೆ ಇದಾನೆ" ಎಂದರು. ನಾಟಕದಲ್ಲಿ ನೂರು ಸಲ ಬೊಟ್ಟು ಅಳಿಸಿಕೊಂಡಿದ್ದೀರಲ್ಲ ಎಂದೆ. ನಾನು ಹಾಗೆ ಅನ್ನಬಾರದಿತ್ತು. "ಅಳಿಸ್ಕೊಂಡೋಳು ಬ್ಯಾರೆ ಹೆಸರಿನೋಳು" ಎಂದು ಒಳಗೆ ಹೋಗಿ ನೀರು ಕುಡಿದು ಬಂದರು. ಬಂದವರೇ ಸ್ಟಿಕ್ಕರಿನ ಬೊಟ್ಟು ಕಿತ್ತು ಕನ್ನಡಿಯ ಮೂಲೆಗೆ ಅಂಟಿಸಿ, "ಲಗೂನ ತೆಗಿಯವ್ವ" ಎಂದು ಕೂತರು. ಅವರ ಮನಸ್ಸು ಪೂರ್ತಿ ಬೇರೆಲ್ಲೋ ಇತ್ತು. ಕಣ್ಣು ಹಿಗ್ಗಲಿಲ್ಲ, ಗಲ್ಲ ಏಳಲಿಲ್ಲ. ಆ ಒಂದು ನಿಮಿಷದಲ್ಲಿ ತೆಗೆದ ಐದಾರರಲ್ಲೇ ನಮಗೆ ಬೇಕಾದ್ದು ಸಿಕ್ಕಿತು. ಆಮೇಲೆ ಬೊಟ್ಟು ಇಟ್ಟುಕೊಂಡಾಗಲೂ ಮುಖ ಅಲ್ಲೇ ಉಳಿದಿತ್ತು. ಸಿಡುಬಿನ ಎರಡೂ ಚುಕ್ಕೆಗಳು ಕಾಣುತ್ತಿದ್ದವು.

ಪ್ರಿಂಟಿನ ಕೆಲಸ ನನ್ನ ಪಾಲಿಗೆ ಬಂತು. ಇಷ್ಟು ಸಣ್ಣ ಕೆಲಸದಲ್ಲಿ ಇಷ್ಟು ತೊಡಕಿರುತ್ತದೆಂದು ತಿಳಿದಿರಲಿಲ್ಲ. ಕ್ಯಾಮೆರಾದ ಚಿತ್ರದ ಅಳತೆ ಎರಡಕ್ಕೆ ಮೂರು. ಅದು 8×12ಕ್ಕೆ ಪೂರ್ತಿ ಕೂರುತ್ತದೆ. 8×10 ಮಾಡಿಸಿದರೆ ತಲೆಯಾದರೂ ಕಡಿಯಬೇಕು, ಭುಜವಾದರೂ ಕಡಿಯಬೇಕು. ಮುಖದ ಫೋಟೊ 8×12ರಲ್ಲಿ, ಮಿಕ್ಕವು ಇಲ್ಲಿನವರು ಮ್ಯಾಕ್ಸಿ ಎನ್ನುವ 4×6ರಲ್ಲಿ ಸಾಕು ಅಂದುಕೊಂಡೆ. ಅಂಗುಲಕ್ಕೆ 300 ಚುಕ್ಕೆಯ ಲೆಕ್ಕದಲ್ಲಿ 8×12ಕ್ಕೆ 2400×3600 ಪಿಕ್ಸೆಲ್ ಬೇಕು. ಗೆಳತಿ ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದ್ದು ಕುಗ್ಗಿ ಅದರ ಅರ್ಧವೂ ಇರಲಿಲ್ಲ. ಡಾಕ್ಯುಮೆಂಟ್ ಎಂದು ಮತ್ತೆ ಕಳಿಸಿದ ಮೇಲೆ ಸರಿಹೋಯಿತು. ಲ್ಯಾಬಿನಲ್ಲಿ ಮೊದಲು ಒಂದು ಮ್ಯಾಕ್ಸಿ ಹೊಡೆಸಿ ನೋಡಿದೆ. ಸ್ಕ್ರೀನಿನಲ್ಲಿ ಹೊಳೆಯುತ್ತಿದ್ದ ಮುಖ ಕಾಗದದ ಮೇಲೆ ಬೆಳ್ಳಗೆ, ಚಪ್ಪಟೆಯಾಗಿ ಬಂದಿತ್ತು. ಕಪ್ಪು ಮುಖ ಕಂಡರೆ ಯಂತ್ರವೇ ಬೆಳಗಿಸಿಬಿಡುತ್ತದಂತೆ. 'ಕರೆಕ್ಷನ್ ಹಾಕ್ಬೇಡಿ' ಎಂದೆ. ಕೌಂಟರಿನವನು ಕಸ್ಟಮರ್ ಬಂದು ಜಗಳ ಆಡ್ತಾರೆ ಮೇಡಂ ಎಂದ. ನಾನೇ ಕಸ್ಟಮರ್ ಎಂದೆ. ಗ್ಲಾಸಿ ಬೇಡ, ಮ್ಯಾಟ್ ಇರಲಿ ಎಂದೆ. ಗ್ಲಾಸಿಯ ಮೇಲೆ ಟ್ಯೂಬ್‌ಲೈಟು ಬಿದ್ದರೆ ಮುಖ ಕಾಣದು, ಹತ್ತು ಜನರ ಕೈಗೆ ಹೋದರೆ ಬೆರಳಚ್ಚೇ ತುಂಬುತ್ತದೆ.

ಹತ್ತು ಸೆಟ್ಟು ಬಂದವು. ಹಿಂದೆ ಹೆಸರು, ನಂಬರು, ಎತ್ತರ, ಗೊತ್ತಿರುವ ಭಾಷೆ ಬರೆಯಬೇಕು. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮುಂದುಗಡೆ ಉಬ್ಬು ಏಳುತ್ತದೆ, ಶಾಯಿ ಒಣಗುವ ಮುಂಚೆ ಒಂದರ ಮೇಲೊಂದು ಇಟ್ಟರೆ ಕೆಳಗಿನ ಮುಖಕ್ಕೆ ಮೆತ್ತುತ್ತದೆ. ಅದಕ್ಕೆ ಅಂಟುಚೀಟಿಯ ಮೇಲೆ ಬರೆದು ಆಮೇಲೆ ಅಂಟಿಸೋಣ ಎಂದೆ. ಊಟದ ಮಣೆ ಎಳೆದುಕೊಂಡು ದೊಡ್ಡಮ್ಮನೇ ಬರೆಯಲು ಕೂತರು. ಹೆಸರಿನ ಜಾಗದಲ್ಲಿ ಪೆನ್ನು ನಿಂತಿತು.

ಹ್ಯಾಂಡ್‌ಬಿಲ್ಲಿನ ಹೆಸರೋ, ಆಧಾರಿನ ಹೆಸರೋ. ಹ್ಯಾಂಡ್‌ಬಿಲ್ಲಿನದಕ್ಕೆ ಮೂವತ್ತು ವರ್ಷದ ಗಿರಾಕಿ ಇದೆ. ಆಧಾರಿನದು ಮಗಳ ಮದುವೆ ಪತ್ರಿಕೆಯಲ್ಲಿ ಅಚ್ಚಾದದ್ದು, ಬೀಗರಿಗೆ ಗೊತ್ತಿರುವುದು. ಟಿವಿಯಲ್ಲಿ ಬಂದರೆ ಹೇಗೂ ನೋಡುತ್ತಾರೆ, ಬಣ್ಣವೂ ಇರುವುದಿಲ್ಲ. "ಟಿವಿ ಅಂದ್ರೆ ಮರ್ಯಾದಿ ಬ್ಯಾರೆ ಬಿಡು. ನಾಟಕದೋಳು ಅಂತ ಅಂದೋರೇ ಸೀರಿಯಲ್‌ನಾಗೆ ಬರ್ತೀಯಂತೆ ಅಂತ ಮಾತಾಡಿಸ್ತಾರೆ" ಎಂದರು. ಈ ಮಾತು ನನ್ನ ಪ್ರಬಂಧದ ಒಂದು ಅಧ್ಯಾಯಕ್ಕೆ ಆಗುವಷ್ಟಿದೆ. ಅವತ್ತು ಬರೆದುಕೊಳ್ಳಲು ಕೈ ಬರಲಿಲ್ಲ. ಅವರು ಹತ್ತೂ ಚೀಟಿಗಳ ಮೇಲೆ ಆಧಾರಿನ ಹೆಸರು ಬರೆದರು. ದುಂಡಕ್ಷರ, ಶಾಲೆಯಲ್ಲಿ ಕಲಿತದ್ದಲ್ಲ, ಪಾತ್ರದ ಮಾತು ಬರೆದುಕೊಂಡು ಕಲಿತದ್ದು.

ಮೂರು ಸೆಟ್ಟು ರಟ್ಟು ಇಟ್ಟು, ಮಡಚದಂತೆ ಲಕೋಟೆ ಮಾಡಿ, ಬೆಂಗಳೂರಿಗೆ ಸ್ಪೀಡ್ ಪೋಸ್ಟ್ ಮಾಡಿದೆವು. ಒಂದು ಸೆಟ್ಟು ಹರಿಹರಕ್ಕೆ.

ಹರಿಹರಕ್ಕೆ ಇಬ್ಬರೂ ಹೋದೆವು, ಒಂದು ಭಾನುವಾರ. ಹದಿನಾಲ್ಕು ಕಿಲೋಮೀಟರಿನ ದಾರಿ. ಸೀನ್ಸ್ ಅಂಗಡಿಯಲ್ಲಿ ಅರಮನೆಯ ಪರದೆ, ಕಾಡಿನ ಪರದೆ, ಬೀದಿಯ ಪರದೆ ಸುತ್ತಿ ಮೂಲೆಗೆ ನಿಲ್ಲಿಸಿದ್ದರು. ಮಾಲೀಕರು ಎದ್ದು ನಿಂತು "ಬರ್ರಿ ಅಕ್ಕಾರ" ಎಂದರು. ಆಲ್ಬಂ ತೆಗೆದರು. ಮುಂದಿನ ಪುಟಗಳಲ್ಲಿ ನಾಯಕಿಯರು, ಆಮೇಲೆ ಹಾಸ್ಯ, ಆಮೇಲೆ ಖಳನಾಯಕಿ, ಕೊನೆಯ ನಾಲ್ಕು ಪುಟ ತಾಯಂದಿರು. ದೊಡ್ಡಮ್ಮ ಎರಡನೇ ಪುಟದಲ್ಲಿದ್ದರು. ನಾನು ಆ ಫೋಟೊ ಮೊದಲ ಸಲ ನೋಡಿದ್ದು ಆಗಲೇ. ಕಪ್ಪುಬಿಳುಪು, ಹೂ ಮುಡಿದ ಜಡೆ ಮುಂದೆ ಹಾಕಿಕೊಂಡು, ಕೊನೆಯ ಸಾಲನ್ನು ನೋಡುತ್ತಿರುವ ಕಣ್ಣು.

ಮಾಲೀಕರು ಹೊಸದನ್ನು ಕೈಯಲ್ಲಿ ಹಿಡಿದು ಸುಮ್ಮನಾದರು. "ಅಕ್ಕಾರ, ಇದನ್ನ ಹಾಕಿದ್ರೆ ಹಿಂದಿನ ಪುಟಕ್ಕೆ ಹಾಕ್ಬೇಕಾಗ್ತೈತೆ" ಎಂದರು.

"ಹಾಕ್ರಿ."

"ರೇಟು ಕಮ್ಮಿ ಆಗ್ತೈತೆ."

"ಗೊತ್ತು. ಹಳೇದು ತೆಗೀರಿ."

ತೆಗೆಯಲು ಬರಲಿಲ್ಲ. ಅಷ್ಟು ವರ್ಷಗಳಲ್ಲಿ ಫೋಟೊ ಪ್ಲಾಸ್ಟಿಕ್ಕಿಗೆ ಅಂಟಿಹೋಗಿತ್ತು. ಎಳೆದರೆ ಮುಖ ಕಿತ್ತು ಬರುತ್ತದೆ. ಎರಡೂ ಇರಲಿ ಬಿಡ್ರಿ ಎಂದರು ಅವರು. ದೊಡ್ಡಮ್ಮ ಬ್ಲೇಡು ಕೇಳಿದರು. ಅವರೇ ಪ್ಲಾಸ್ಟಿಕ್ ಸಮೇತ ನಾಲ್ಕೂ ಕಡೆ ಕೊಯ್ದು ತೆಗೆದರು, ರೊಟ್ಟಿಯ ಅಂಚು ತಿರುವಿದಂತೆ ನಿಧಾನವಾಗಿ. ಎರಡನೇ ಪುಟದಲ್ಲಿ ಒಂದು ಕಿಟಕಿ ಆಯಿತು, ಅದರಾಚೆ ಮೂರನೇ ಪುಟದ ಯಾರದೋ ಕಣ್ಣು ಕಾಣುತ್ತಿತ್ತು. ಹೊಸ ಫೋಟೊ ಕೊನೆಯಿಂದ ಮೂರನೇ ಪುಟಕ್ಕೆ ಹೋಯಿತು. ಹಿಂದುಗಡೆ ಮಾಲೀಕರು ಪೆನ್ಸಿಲಿನಲ್ಲಿ ಹೊಸ ರೇಟು ಬರೆದರು. ಎಷ್ಟೆಂದು ನಾನು ನೋಡಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಆ ತುಂಡು ದೊಡ್ಡಮ್ಮನ ಬ್ಯಾಗಿನ ಒಳಜೇಬಿನಲ್ಲಿತ್ತು. ನನ್ನ ಮೂರು ವರ್ಷದ ಹುಡುಕಾಟದಲ್ಲಿ ಅಂಥದ್ದು ಇನ್ನೊಂದು ಸಿಕ್ಕಿಲ್ಲ, ಸಿಗುವುದೂ ಇಲ್ಲ. ಒಂದು ದಿನದ ಮಟ್ಟಿಗೆ ಕೊಡಿ, ಸ್ಕ್ಯಾನ್ ಮಾಡಿ ಕೊಡುತ್ತೇನೆ ಎನ್ನುವ ಮಾತು ಗಂಟಲಿನಲ್ಲೇ ಇತ್ತು. ಅವರು ಕಿಟಕಿಯಾಚೆ ನೋಡುತ್ತಿದ್ದರು. ಬಚ್ಚಲ ಒಲೆ ಈಗ ಅವರ ಮನೆಯಲ್ಲಿಲ್ಲ, ಗ್ಯಾಸ್ ಗೀಸರು ಬಂದಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಬೆಂಗಳೂರಿನಿಂದ ಫೋನು ಬಂತಾ ಎಂದು ಕೇಳಿದೆ. "ಬಂದ್ರೆ ನಿಂಗೆ ಹೇಳಲ್ವೇನವ್ವ" ಎಂದರು. ನಮ್ಮ ಸ್ಟಾಪು ಬಂದಾಗ ನನ್ನನ್ನು ಮುಂದೆ ಬಿಟ್ಟು, ಬ್ಯಾಗನ್ನು ಎದೆಗೆ ಒತ್ತಿಕೊಂಡು, ಹಿಂದೆ ಇಳಿದರು.